ರಾಯರ ಮನೆಗೆ ಒಯ್ದ ಗಿಣ್ಣು

ಹಯವದನ ರಾಯರ ಫೋನು ಬಂದಾಗ ನಾನು ಫ್ರಿಜ್ಜಿನಲ್ಲಿ ಮೊಟ್ಟೆ ಜೋಡಿಸುತ್ತಿದ್ದೆ ಅಂದರೆ ನೀವು ನಂಬಲಿಕ್ಕಿಲ್ಲ. ಎರಡು ಸಾವಿರದ ನಾಲ್ಕರ ಯುಗಾದಿಯ ಮಾರನೇ ದಿನ ಅದು.

"ಜಯಶೀಲಾ ಅವರ, ನಿನ್ನೆ ಕನ್ನಡ ಸಂಘದ ಊಟಕ್ಕ ಗಿಣ್ಣು ತಂದಿದ್ರಲ್ಲ, ಅದಕ್ಕ ಹಾಲು ಎಲ್ಲಿ ಸಿಕ್ತರೀ? ಚೆಶೈರ್ ಕಡೆ ಯಾರರೆ ದನ ಸಾಕಿದವರ ಪರಿಚಯ ಅದ ಏನು?"

"ಯಾವ ಗಿಣ್ಣು ರಾಯರೇ?"

"ಅದ ರೀ, ಸಣ್ಣ ಬಟ್ಟಲಿನಂಗ ಇತ್ತಲ್ಲ, ಮ್ಯಾಲೆ ಕೆಂಪಗ ಸುಟ್ಟಿದ್ದು. ನಾ ಮೂರು ತಿಂದೆ. ಆಕಿಗೆ ಎರಡು ಕಟಗೊಂಡು ಬಂದೆ."

ಅದು ಗಿಣ್ಣಲ್ಲ. ಮ್ಯಾಂಚೆಸ್ಟರಿನ ವಿದನ್‌ಶಾ ಆಸ್ಪತ್ರೆಯ ಅಡುಗೆಮನೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಇಡಲೀನಾ ಹೇಳಿಕೊಟ್ಟ ಪೋರ್ಚುಗೀಸರ ಹಾಲಿನ ಟಾರ್ಟು. ಹಾಲು, ಸಕ್ಕರೆ, ಬೆಣ್ಣೆ, ಮೈದಾ, ಚೂರು ನಿಂಬೆಸಿಪ್ಪೆ, ಮತ್ತೆ ನಾಲ್ಕು ಮೊಟ್ಟೆ. ಎಲ್ಲ ಕಲಸಿ, ಬೆಣ್ಣೆ ಸವರಿದ ಅಚ್ಚಿನ ಗುಳಿಗಳಿಗೆ ಹೊಯ್ದು ಓವನ್ನಿಗೆ ಇಟ್ಟರೆ, ಮೇಲೆ ಕಂದುಬಣ್ಣ, ಒಳಗೆ ನಡುಗುವಷ್ಟು ಮೆತ್ತಗೆ. ಥೇಟು ಗಿಣ್ಣೇ.

ಸಂಘದ ಊಟಕ್ಕೆ ತಂದ ಪಾತ್ರೆಗೆಲ್ಲ ಒಳಗೇನಿದೆ ಅಂತ ಚೀಟಿ ಅಂಟಿಸುವುದು ನಮ್ಮ ಪದ್ಧತಿ. ನಾನು ಅಂಟಿಸಿರಲಿಲ್ಲ. ನಾವು ಕಾಪು ಕಡೆಯವರು, ಮೀನು ತಿನ್ನುವವರು. ಕೇಕಿನೊಳಗಿನ ಮೊಟ್ಟೆಯನ್ನೂ ಯಾರಾದರೂ ಮೊಟ್ಟೆ ಅಂತ ಲೆಕ್ಕ ಹಿಡಿಯುತ್ತಾರಾ ಮಾರಾಯ್ರೇ, ಅನ್ನುವ ಮನೆ ನಮ್ಮದು. ಹೋಳಿಗೆಯ ಪಕ್ಕ ತಟ್ಟೆ ಇಟ್ಟು ಚಹಾ ಹಂಚಲು ಹೋಗಿಬಿಟ್ಟೆ. ರಾಯರಾದರೋ ಧಾರವಾಡದ ವೈಷ್ಣವರು. ಮ್ಯಾಂಚೆಸ್ಟರಿಗೆ ಬಂದು ಮೂವತ್ತೈದು ವರ್ಷ ಆದರೂ ಪೊಟ್ಟಣದ ಹಿಂಬದಿ ಓದದೆ ಒಂದು ಬಿಸ್ಕತ್ತು ಮುಟ್ಟಿದವರಲ್ಲ.

ಹೇಳಿಬಿಡೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರು ಹೆಂಡತಿಯ ಮಾತೆತ್ತಿದರು. "ಹನ್ನೊಂದು ದಿನ ಆತ್ರೀ, ರೇಡಿಯೇಶನ್ ಮುಗದ ಮ್ಯಾಲೆ ಆಕಿ ಗಂಟಲಾಗ ನೀರು ಬಿಟ್ರ ಏನೂ ಇಳದಿರಲಿಲ್ಲ. ಇನ್ನೊಂದು ವಾರ ಹಿಂಗ ಆದ್ರ ಹೊಟ್ಟಿಗೆ ನಳಿಗಿ ಹಾಕ್ತೀವಿ ಅಂದಾರ ಡಾಕ್ಟರು. ನಿನ್ನೆ ಒಂದೂವರೆ ತಿಂದಾಳ. ಇನ್ನೊಂದಿಷ್ಟು ಸಿಗತದೇನು?"

"ಸಿಗ್ತದೆ ರಾಯರೇ" ಅಂದೆ.

ಅವತ್ತು ಮೊಟ್ಟೆ ಇಲ್ಲದೆ ಮಾಡಿ ನೋಡಿದೆ. ಮಿಲ್ಕ್‌ಮೇಡು, ಕಾರ್ನ್‌ಫ್ಲೋರು, ಹಾಲಿನ ಪುಡಿ. ಮಗಳು ಯಶ್ಮಿತಾ ಒಂದು ಚಮಚ ಬಾಯಿಗಿಟ್ಟು, "ಮಮ್, ಇಟ್ಸ್ ಗ್ಲೂ" ಅಂದಳು. ಆದರೂ ಡಿಡ್ಸ್‌ಬರಿಯ ರಾಯರ ಮನೆಗೆ ಒಯ್ದೆ. ಅವರ ಹೆಂಡತಿ ಅಹಲ್ಯಮ್ಮ ಒಂದು ತುತ್ತು ಬಾಯಿಗಿಟ್ಟು, ನುಂಗಲಾರದೆ ಕೆಮ್ಮಿ ಕೆಮ್ಮಿ ಕಣ್ಣೀರು ತಂದುಕೊಂಡರು. "ಇದು ನಿನ್ನಿನಂಥಾದ್ದು ಅಲ್ಲ, ಹೌದಲ್ಲೋ ಅವಾ?" ಅಂತ ನನಗೆ ಬೇಜಾರಾಗದ ಹಾಗೆ ಕೇಳಿದರು.

ಮಾರನೇ ದಿನ ನಾಲ್ಕು ಮೊಟ್ಟೆ ಒಡೆದೆ. ಒಂದು ವಾರ ದಿನಾ ಒಡೆದೆ.

ಅವರು ತಿಂದರು. ತಿನ್ನುವುದಕ್ಕೂ ಒಂದು ಕ್ರಮವಿತ್ತು. ತುಣುಕು ಮುರಿದು ಮೊದಲು ಗಂಡನ ಬಾಯಿಗೆ ಹಿಡಿಯಬೇಕು, ಅವರು ತಿಂದ ಮೇಲೇ ತಾವು. ಕಾಯಿಲೆ ಬಿದ್ದಾಗಿನಿಂದ ಹಾಗೆ. "ಇಲ್ಲಾಂದ್ರ ಇವರು ನನ್ನ ನೆಪಾ ಮಾಡಿ ಉಪವಾಸ ಕೂಡ್ತಾರವಾ" ಅನ್ನುತ್ತಿದ್ದರು. ಬಾಗಿಲ ಹತ್ತಿರ ನಿಂತು ನೋಡುವ ನನಗೆ ಅವರು ಉಂಡ ಸಂತೋಷಕ್ಕೆ ಅಳು ಬರುತ್ತಿತ್ತೋ, ಹೆದರಿಕೆಗೋ ತಿಳಿಯುತ್ತಿರಲಿಲ್ಲ.

ಕೆಲಸದಲ್ಲಿ ಇಡಲೀನಾಳಿಗೆ ಹೇಳಿದೆ. ಆಲೂಗಡ್ಡೆ ಹೆರೆಯುವುದನ್ನು ನಿಲ್ಲಿಸಿ ಅವಳಂದಳು, "ನನ್ನ ಟಾರ್ಟನ್ನ ಏನಂತ ಬೇಕಾದರೂ ಕರೆ. ಆದರೆ ತಟ್ಟೆಯಲ್ಲಿ ಏನಿದೆ ಅಂತ ಉಣ್ಣುವವಳಿಗೆ ಗೊತ್ತಿರಬೇಕು, ಶೀಲಾ."

ರಾಮನವಮಿಯ ಬೆಳಗ್ಗೆ ರಾಯರು ಬಾಗಿಲು ತೆಗೆದಾಗ ಮಡಿ ಉಟ್ಟಿದ್ದರು. ಹಣೆಯಲ್ಲಿ ನಾಮ, ಕೈಯಲ್ಲೊಂದು ಬೆಳ್ಳಿ ಬಟ್ಟಲು.

"ಇದರಾಗ ಒಂದು ಇಡ್ರಿ. ಆಕಿ ಜೀವ ಉಳಿಸಿದ್ದು ಇದ. ಇವತ್ತು ಮೊದಲ ರಾಮದೇವರಿಗೆ ನೈವೇದ್ಯ, ಆಮ್ಯಾಲೆ ಆಕಿಗೆ."

ನಾನು ಡಬ್ಬಿಯನ್ನು ಎದೆಗೊತ್ತಿಕೊಂಡೆ. "ಬೇಡ ರಾಯರೇ. ಇದು ಗಿಣ್ಣಲ್ಲ. ಇದರಲ್ಲಿ ಮೊಟ್ಟೆ ಇದೆ."

"ಏನಂದ್ರಿ?"

"ಮೊಟ್ಟೆ. ಮೊದಲ ದಿನದಿಂದಲೂ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೆಟ್ಟಿಲ ಮೇಲೆ ಕೂತರು. ಜನಿವಾರವನ್ನು ಬೆರಳಲ್ಲಿ ಹಿಡಿದುಕೊಂಡರು. ಆಮೇಲೆ ಇಂಜಿನಿಯರ್ ಆಗಿದ್ದವರಲ್ಲವೇ, "ಎಷ್ಟು?" ಅಂದರು.

"ಹನ್ನೆರಡು ಟಾರ್ಟಿಗೆ ನಾಲ್ಕು."

"ಫೋನ್ ಮಾಡಿದ ದಿನಾನ ಹೇಳಬಹುದಿತ್ತು."

"ಹೇಳಬಹುದಿತ್ತು. ಒಂದೂವರೆ ತಿಂದಾಳ ಅಂದಿರಿ. ಬಾಯಿ ಬರಲಿಲ್ಲ. ತಪ್ಪಾಯ್ತು."

ಮಹಡಿಯಿಂದ ಅಹಲ್ಯಮ್ಮನ ಸೀಳು ದನಿ ಕೇಳಿತು. "ಯಾರು, ಜಯಶೀಲಾ ಏನು? ತಂದಾಳೇನ್ರೀ? ಲಗೂ ತರ್ರಿ, ಇವತ್ತು ಖರೇನ ಹಸಿವಿ ಆಗೇದ."

ರಾಯರು ಎದ್ದರು. ಬೆಳ್ಳಿ ಬಟ್ಟಲಿಗೆ ಪಾನಕ ಸುರಿದುಕೊಂಡು ದೇವರ ಮುಂದೆ ಹೋದರು. ಗಂಟೆಯನ್ನು ಅವತ್ತು ಬಹಳ ಹೊತ್ತು ಬಾರಿಸಿದರು. ಹೊರಗೆ ಬಂದವರು ನನ್ನ ಕೈಯಿಂದ ಡಬ್ಬಿ ತಗೊಂಡರು.

"ಆಕಿಗೆ ಹೇಳಬ್ಯಾಡ್ರಿ" ಅಂದರು. "ಹೇಳಿದ್ರ ನೀರೂ ಮುಟ್ಟೂದಿಲ್ಲ ಆಕಿ. ನನಗ ಗೊತ್ತದ."

ಮೇಲೆ ಹೋದೆವು. ದಿಂಬಿಗೊರಗಿದ್ದ ಅಹಲ್ಯಮ್ಮನ ಕೆನ್ನೆಗೆ ಆ ವಾರದಲ್ಲಿ ಒಂಚೂರು ಬಣ್ಣ ಬಂದಿತ್ತು. ತುಣುಕು ಮುರಿದು ರೂಢಿಯಂತೆ ಕೈ ಚಾಚಿದರು.

"ಮೊದಲ ನೀವು."

"ನನಗ ಇವತ್ತು ಹೊಟ್ಟಿ ಸರಿ ಇಲ್ಲ. ನೀ ತಗೋ."

"ಹೌದೇನು? ಹಂಗಾರ ನನಗೂ ಬ್ಯಾಡ." ತಟ್ಟೆಯನ್ನು ಅತ್ತ ಸರಿಸಿ ನನ್ನ ಕಡೆ ಕಣ್ಣು ಮಿಟುಕಿಸಿದರು. "ನೋಡವಾ ಇವರ ನಾಟಕ. ಹಬ್ಬದ ದಿನಾ ನನ್ನ ಉಪವಾಸ ಕೂಡಸ್ತಾರ."

ತುಣುಕು ಹಿಡಿದ ಅವರ ಕೈ ಮಾತ್ರ ಚಾಚಿದ ಹಾಗೇ ಇತ್ತು. ರಾಯರು ಕಿಟಕಿಯ ಕಡೆ ನೋಡಿದರು. ಆಮೇಲೆ ಬಗ್ಗಿ ಬಾಯಿ ತೆರೆದರು. ಅಷ್ಟು ಮೆತ್ತಗಿನದ್ದನ್ನು ಬಹಳ ಹೊತ್ತು ಅಗಿದರು. ನುಂಗಿದ್ದು ಅವರ ಗಂಟಲಲ್ಲಿ ಕಂಡಿತು.

"ಹ್ಞಾಂ, ಹಂಗ" ಅಂದು ಅಹಲ್ಯಮ್ಮ ತಿನ್ನತೊಡಗಿದರು. ತಟ್ಟೆಯಲ್ಲಿದ್ದ ಎರಡೂ ಟಾರ್ಟು ತಿಂದರು.

ಕೆಳಗೆ ಬಾಗಿಲ ಹತ್ತಿರ ರಾಯರು ತೊಳೆದ ಡಬ್ಬಿಯನ್ನು ಕೈಗೆ ಕೊಟ್ಟರು. ಮುಖ ನೋಡಲಿಲ್ಲ.

"ನಾಳೆ ಮೂರು ತರ್ರಿ" ಅಂದರು. "ಆಕಿಗೆ ಎರಡು..."

ಮೂರನೆಯದು ಯಾರಿಗೆ ಅಂತ ಹೇಳಲಾರದೆ ಬಾಗಿಲು ಮುಚ್ಚಿಕೊಂಡರು. ಒಳಗೆ ನಲ್ಲಿ ಬಿಟ್ಟ ಸದ್ದಾಯಿತು. ಬಾಯಿ ಮುಕ್ಕಳಿಸಿ ಉಗಿದ ಸದ್ದು, ಮತ್ತೆ ನಲ್ಲಿ, ಮತ್ತೆ ಮುಕ್ಕಳಿಸಿದ್ದು. ನನ್ನ ಬಸ್ಸು ಬಂದು ಹೋಯಿತು. ನಾನು ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.