ಸಾಲಿನ ನಡುವೆ ಉಸಿರು

ಅತ್ತಿಗೆಗೆ ಕಣ್ಣು ಕಾಣದು. ನಾದಿನಿಯ ಮಣಿಕಟ್ಟಿಗೂ ತನ್ನದಕ್ಕೂ ಬಿಗಿದ ಗೇಣುದ್ದದ ಹಗ್ಗವೇ ಅವಳಿಗೆ ದಾರಿ. ಮ್ಯಾರಥಾನಿಗೆ ಮುನ್ನ ಇದೇ ಕೊನೆಯ ದೂರದ ಓಟ. ನಾದಿನಿ ಎಂದಿನಂತೆ ಪದ್ಯ ಹೇಳುತ್ತಾ, ಸಾಲು ಮುಗಿದಲ್ಲಿ ಮಾತ್ರ ಉಸಿರೆಳೆಯುತ್ತಾ ಓಡುತ್ತಿದ್ದಳು. ಅದೇ ಅವರಿಬ್ಬರ ವೇಗದ ಅಳತೆ.

ಸೇತುವೆ ಇಳಿದ ಮೇಲೆ ಸಾಲಿನ ನಡುವೆಯೇ ಉಸಿರು ತುಂಡಾಗತೊಡಗಿತು. ನಾದಿನಿಯ ಎಡಗಾಲು ನೆಲ ಮುಟ್ಟಿದಾಗಲೆಲ್ಲ ಹಗ್ಗ ಸಣ್ಣಗೆ ಜಗ್ಗುತ್ತಿತ್ತು. ಅತ್ತಿಗೆಗೆ ಅದು ತಿಳಿಯಿತು. ಇವಳು ಬಿದ್ದರೆ ಮ್ಯಾರಥಾನಿನ ಆಸೆಯೂ ಬಿದ್ದಂತೆ. ಈಗ ಬೇರೆ ಜೊತೆ ಎಲ್ಲಿ ಸಿಗಬೇಕು?

“ಕಾಲು ನೋಯ್ತಿದೆಯೇನೇ?”

“ಏನಿಲ್ಲ. ಸ್ವಲ್ಪ ದೂರ ಉಳಿದಿದೆ, ಸುಮ್ನೆ ಓಡು.”

ಹಗ್ಗ ಇನ್ನೂ ಜೋರಾಗಿ ಜಗ್ಗಿತು. ಪದ್ಯ ನಿಂತೇ ಹೋಯಿತು. ಹಲ್ಲು ಕಚ್ಚಿದ ಸದ್ದಷ್ಟೇ ಉಳಿಯಿತು. ಅತ್ತಿಗೆ ತಟ್ಟನೆ ನಿಂತಳು.

“ನಂಗೇ ತೊಡೆ ಹಿಡ್ಕೊಂಡ್ತು ಕಣೇ. ಇನ್ನು ಒಂದು ಹೆಜ್ಜೆನೂ ಆಗಲ್ಲ.”

“ಯಾವ ತೊಡೆ?”

“ಎಡದ್ದು. ಅಲ್ಲ, ಬಲದ್ದು.”

“ಸುಳ್ಳಿಗೂ ಅಭ್ಯಾಸ ಬೇಕು ಅತ್ತಿಗೆ,” ಎನ್ನುತ್ತಾ ನಾದಿನಿ ರಸ್ತೆಯಂಚಿಗೆ ಕುಸಿದಳು. ಶೂ ಬಿಚ್ಚಿಸಿ ಮುಟ್ಟಿ ನೋಡಿದರೆ ಹಿಮ್ಮಡಿ ಬಾತು ಕೆಂಡದಂತೆ ಸುಡುತ್ತಿತ್ತು.

“ನಾನು ನಿಂತ್ರೆ ನಿನ್ನ ಓಟ ಕೆಡುತ್ತಲ್ಲ ಅಂತ...”

“ಇವತ್ತು ನಿಂತ್ರೆ ಅವತ್ತು ಓಡಬಹುದು. ಏಳು.”

ಅತ್ತಿಗೆ ಅವಳ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ನಾದಿನಿ ದಾರಿ ಹೇಳಿದಳು. ಪದ್ಯ ಈಗ ಅತ್ತಿಗೆಯ ಬಾಯಲ್ಲಿತ್ತು. ಕುಂಟುವ ಹೆಜ್ಜೆಗೆ ತಕ್ಕಂತೆ, ನಿಧಾನವಾಗಿ.