ಹೆಸರಿನ ಜಾಗದಲ್ಲಿ ಐದು ಪ್ರಶ್ನೆ

ಸವಣೂರಿನ ಬಸ್‌ಸ್ಟ್ಯಾಂಡ್ ಎದುರಿನ ತನ್ನ ಟೈಪಿಂಗ್ ಅಂಗಡಿಯಲ್ಲಿ ಮದಿಹಾ ಕಂಪ್ಯೂಟರನ್ನು ಕೆಕ್ಕರಿಸಿ ನೋಡುತ್ತಿದ್ದಳು. ಅದರಲ್ಲಿ ಹಾಕಿದ್ದು ಕನ್ನಡವನ್ನು ಉರ್ದುವಿಗೆ ತಿರುಗಿಸುವ ಪುಕ್ಕಟೆ ಸಾಫ್ಟ್‌ವೇರ್, ಯುನಿಕ್ಸ್ ಎಂಬ ಬೇರೊಂದು ಕಂಪ್ಯೂಟರ್ ವ್ಯವಸ್ಥೆಗೆಂದು ಮಾಡಿದ್ದು. ವಿಂಡೋಸ್‌ನಲ್ಲಿ ಓಡಿಸಹೋದರೆ 'ಫೋಲ್ಡರ್ ಸಿಗಲಿಲ್ಲ' ಎಂದು ಬೆಳಗಿನಿಂದ ಒಂದೇ ರಾಗ.

ಹನ್ನೊಂದಕ್ಕೆ ಹೆಡ್‌ಮಾಸ್ತರ್ ಶಿವಯೋಗಿ ಬರುವವರಿದ್ದರು. ಶಾಲೆಯ ಚೀಟಿಗಳೆಲ್ಲ ಕನ್ನಡದಲ್ಲಿ. ಉರ್ದು ಮಾತ್ರ ಬಲ್ಲ ತಾಯಂದಿರು ಅವನ್ನು ಮಡಚಿ ಇಟ್ಟುಬಿಡುತ್ತಿದ್ದರು. ಮದಿಹಾಳ ಅಕ್ಕ ಶಾಕೀರಾಳ ಮಗಳ ಹಾಸ್ಟೆಲ್ ಅರ್ಜಿಯ ಕೊನೆಯ ದಿನ ಹೋದ ವರ್ಷ ಹಾಗೆಯೇ ತಪ್ಪಿಹೋಗಿತ್ತು. ಇವತ್ತು ಸಾಫ್ಟ್‌ವೇರ್ ಓಡಿದರೆ ಚೀಟಿ ಎರಡೂ ಭಾಷೆಯಲ್ಲಿ, ಓಡದಿದ್ದರೆ ಇಲ್ಲ. ಹೆಡ್‌ಮಾಸ್ತರರು ಖಡಾಖಂಡಿತ ಹೇಳಿದ್ದರು.

ಹಾನಗಲ್ಲಿನಿಂದ ಬಂದಿದ್ದ ರಿಪೇರಿ ಚನ್ನೇಶ ಪರದೆಯತ್ತ ಬೆರಳು ಮಾಡಿದ. "ಅಕ್ಕಾರ, ತಪ್ಪು ಇಲ್ಲೈತಿ ನೋಡ್ರಿ. ಫೋಲ್ಡರಿಗೆ ನಿಮ್ಮ ಹೆಸರು ಕನ್ನಡದಾಗ ಐತಿ. ಇದಕ್ಕ ಅದು ಓದಾಕ ಬರೂದಿಲ್ಲ. ಇಂಗ್ಲಿಷಿನಾಗ 'ಅಡ್ಮಿನ್' ಅಂತ ಇಡ್ರಿ, ಮುಗೀತು."

ನಿಜ. ಮದಿಹಾ ಎಂದಿರಬೇಕಾದಲ್ಲಿ ಐದು ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ಕುಳಿತಿದ್ದವು. ಅವಳ ಮೈಯೆಲ್ಲ ಉರಿದುಹೋಯಿತು. ರೇಷನ್ ಕಾರ್ಡಿನಲ್ಲಿ ಅವಳು ಮದೀನಾ, ಬ್ಯಾಂಕಿನಲ್ಲಿ ಮಧಿಯಾ. ಹೆಸರು ಸರಿಯಾಗಿದ್ದದ್ದು ಇಲ್ಲೊಂದೇ ಕಡೆ, ಅದೂ ಅವಳೇ ಬರೆದದ್ದು.

"ಭಾಷಾ ತಿರುಗಿಸೂದಂತ, ನನ್ನ ಹೆಸರು ಓದಾಕ ಬರೂದಿಲ್ಲಂತ! ಬೇಕಾದ್ರ ಅದು ಕಲೀಲಿ. ನಾ ಬದಲಾಗೂದಿಲ್ಲ."

"ಹಟ ಬ್ಯಾಡ್ರಿ. ಹತ್ತೂವರಿ ಆತು."

"ಆಗಲಿ ಬಿಡು."

ಅವಳು ಭಾಷೆಯ ಸೆಟ್ಟಿಂಗುಗಳನ್ನು ಒಂದೊಂದಾಗಿ ಜಾಲಾಡಿದಳು. ಎಲ್ಲದರ ತಳದಲ್ಲಿ ಒಂದು ಚಿಕ್ಕ ಚೌಕ: ಜಗತ್ತಿನ ಎಲ್ಲ ಭಾಷೆಗಳಿಗೂ ಯುನಿಕೋಡ್ ಬಳಸಬೇಕೇ? ಅಯ್ಯೋ ನಿನ್ನ, ಇದನ್ನೂ ಕೇಳಬೇಕೇ! ಟಿಕ್ ಹಾಕಿ, ಬಂದ್ ಮಾಡಿ, ಮತ್ತೆ ಚಾಲೂ ಮಾಡಿದಳು. ಪ್ರಶ್ನೆಗಳು ಐದೂ ಮಾಯ. ಅಲ್ಲಿ ಅವಳ ಹೆಸರಿತ್ತು, ಅದರ ಕೆಳಗೆ ಉರ್ದು ಸಾಲುಗಳು ಬಲದಿಂದ ಎಡಕ್ಕೆ ಇಳಿಯತೊಡಗಿದ್ದವು. ಚನ್ನೇಶ ಆ ಚೌಕ ಎಲ್ಲಿದೆಯೆಂದು ಅಂಗೈಯಲ್ಲಿ ಬರೆದುಕೊಂಡ.

ಶಿವಯೋಗಿ ಬಂದಾಗ, ಮದಿಹಾ ಕರೆಸಿಕೊಂಡಿದ್ದ ಶಾಕೀರಾ ಈ ವರ್ಷದ ಹಾಸ್ಟೆಲ್ ಚೀಟಿಯನ್ನು ಉರ್ದುವಿನಲ್ಲಿ ಗಟ್ಟಿಯಾಗಿ ಓದಿದಳು. ಒಂದೆರಡು ಕಡೆ ವ್ಯಾಕರಣ ಸೊಟ್ಟಗಿತ್ತು, ನಕ್ಕಳು. ಅರ್ಜಿಯ ಕೊನೆಯ ದಿನಾಂಕ ಮಾತ್ರ ಸರಿಯಾಗಿತ್ತು. ಅದನ್ನು ಅವಳು ಎರಡು ಸಲ ಓದಿದಳು.

"ಭಾರಿ ಆತಲ್ರಿ," ಎಂದರು ಹೆಡ್‌ಮಾಸ್ತರರು. "ಇನ್ನ ಮ್ಯಾಲ ಎಲ್ಲಾ ಚೀಟಿ ಹಿಂಗ ಬರಲಿ. ಯಾವ ಕಂಪನಿಯವ್ರು ಹಾಕಿಕೊಟ್ರು?"

ಮದಿಹಾ ಪರದೆಯನ್ನು ಅವರ ಕಡೆ ತಿರುಗಿಸಿದಳು.

"ಮ್ಯಾಲ ಬರದೈತಲ್ರಿ ಸರ, ಕನ್ನಡದಾಗ. ಓದ್ರಿ."