ಬಾರಿನ ಪಕ್ಕದ ತೂತುಗಳು

ನನ್ನ ತಂಗಿಯ ಮೇಲೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದು ಬೀಗುವುದು ಬೇಡ. ಮನೆಯಲ್ಲಿ ಅವಳು ಸಣ್ಣೋಳು, ನಾನು ದೊಡ್ಡೋಳು. ಹೊಸ್ತಿಲು ದಾಟಿದರೆ ಲೆಕ್ಕ ತಿರುಗುಮುರುಗು. ಹಳೆಯ ವಸ್ತುವಿನಲ್ಲಿ ಉಳಿದಿರುವ ಕಾರ್ಬನ್ ಅಳೆದು ಅದರ ವಯಸ್ಸು ಹೇಳುವ ಪ್ರಯೋಗಾಲಯಕ್ಕೆ ಅವಳು ಮುಖ್ಯಸ್ಥೆ. ಟಿ.ವಿ.ಯವರು ಅವಳ ಮುಂದೆ ಮೈಕು ಹಿಡಿಯುತ್ತಾರೆ. ನಾನು ಚರ್ಚಿನ ಹಿಂಬದಿಯ ಕೋಣೆಯಲ್ಲಿ ಕೂತು ಹಳೆಯ ಚರ್ಮ, ಬಟ್ಟೆ, ಕಾಗದಗಳಿಗೆ ಹುಳ ಹಿಡಿಯದಂತೆ ಕಾಯುವವಳು. ನನ್ನ ಮುಂದೆ ಯಾರೂ ಒಂದು ಲೋಟ ನೀರು ಕೂಡ ಹಿಡಿದವರಲ್ಲ.

ಆ ಚರ್ಚಿನ ದೊಡ್ಡ ಆಸ್ತಿ ಒಂದು ಚಪ್ಪಲಿ. ಎಡಗಾಲಿನದು. ಯೇಸುವಿನ ಶಿಷ್ಯರ ಕಾಲದಲ್ಲೇ ಊರೂರು ನಡೆದು ಸುವಾರ್ತೆ ಸಾರಿದ ಸಂತರೊಬ್ಬರದು ಎಂದು ನಂಬಿಕೆ. ಭಾನುವಾರ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಬಲಿಪೀಠದ ಪಕ್ಕ ಇಡುತ್ತಾರೆ, ಜನ ಗಾಜಿಗೆ ಮುತ್ತಿಡುತ್ತಾರೆ. ಸೋಮವಾರ ಆ ಮುತ್ತುಗಳನ್ನೆಲ್ಲ ಒರೆಸುವುದು ನಾನು. ಹದಿನೆಂಟು ವರ್ಷದಿಂದ ಒರೆಸುತ್ತಿದ್ದೇನೆ.

ಒಂಬತ್ತು ವರ್ಷದ ಹಿಂದೆ, ದೀಪವನ್ನು ಓರೆಯಾಗಿ ಹಿಡಿದು ಪಾದ ಊರುವ ಅಟ್ಟೆಯನ್ನು ನೋಡುತ್ತಿದ್ದಾಗ, ಬಾರನ್ನು ಅದಕ್ಕೆ ಸೇರಿಸಿದ ಹೊಲಿಗೆಯ ಪಕ್ಕದಲ್ಲೇ ಇನ್ನೊಂದು ಸಾಲು ಸಣ್ಣ ತೂತುಗಳು ಕಂಡವು. ದಾರವಿರಲಿಲ್ಲ, ಒಳಗೆ ಮಣ್ಣು ಗಟ್ಟಿಯಾಗಿತ್ತು. ಅಂದರೆ ಈ ಬಾರು ಮೊದಲಿನದಲ್ಲ. ಮೊದಲಿನದು ಹರಿದುಹೋಗಿ, ಯಾರೋ ಎಷ್ಟೋ ಕಾಲದ ಮೇಲೆ ಹೊಸದು ಹೊಲಿದಿದ್ದಾರೆ. ನಾನು ಫೋಟೊ ತೆಗೆದೆ, ಅಳತೆ ಬರೆದುಕೊಂಡೆ, ಯಾರ ಹತ್ತಿರವೂ ಉಸಿರೆತ್ತಲಿಲ್ಲ. ಇದರ ಮೇಲೊಂದು ಲೇಖನ ಬರೆಯಬೇಕು, ನನ್ನ ಹೆಸರು ಅಚ್ಚಾಗಬೇಕು, ಆ ಪತ್ರಿಕೆಯನ್ನು ಅಮ್ಮನ ತೊಡೆಯ ಮೇಲೆ ಇಡಬೇಕು ಅಂತ ಆಸೆ. ಇವತ್ತು ನಾಳೆ ಎನ್ನುತ್ತ ಒಂದು ಸಾಲೂ ಬರೆಯಲಿಲ್ಲ.

ಅಷ್ಟರಲ್ಲಿ ವಿಶ್ವವಿದ್ಯಾಲಯ ಮತ್ತು ಚರ್ಚು ಸೇರಿ ಚಪ್ಪಲಿಯ ವಯಸ್ಸು ನೋಡಿಸುವುದೆಂದು ನಿರ್ಧರಿಸಿದವು. ನೋಡುವವರು ಯಾರು? ಇನ್ಯಾರು. ಅಮ್ಮನ ಫೋನು ಬಂತು.

"ಸಣ್ಣೋಳು ಬರ್ತಾಳಂತೆ. ಅವಳ ಕೆಲ್ಸಕ್ಕೆ ಅಡ್ಡ ಬರ್ಬೇಡ, ಏನು ಬೇಕೋ ಎತ್ತಿಕೊಡು."

ಎತ್ತಿಕೊಡಬೇಕಂತೆ! ನನ್ನ ಕೋಣೆಯಲ್ಲಿ, ನನ್ನ ಮೇಜಿನ ಮೇಲೆ, ನಾನು ಮಗುವಿನಂತೆ ಕಾಪಾಡಿದ ಚಪ್ಪಲಿಯನ್ನು. ಫೋನಿಟ್ಟ ಮೇಲೆ ಎಷ್ಟೋ ಹೊತ್ತು ಮೈಯೆಲ್ಲ ಉರಿಯುತ್ತಿತ್ತು.

ಅವಳು ಇಬ್ಬರು ಸಹಾಯಕರೊಂದಿಗೆ ಬಂದಳು, ಕೈಗವಸು ಹಾಕಿಕೊಂಡಳು, ನನ್ನ ಕುರ್ಚಿಯಲ್ಲೇ ಕೂತಳು. ಚರ್ಚಿನ ಫಾದರ್ ಗೋಡೆ ಹಿಡಿದುಕೊಂಡು ಬಂದರು. ಎಂಬತ್ತರ ಹತ್ತಿರದ ಜೀವ, ಮಂಡಿನೋವು.

"ಅಟ್ಟೆ ಮುಟ್ಬೇಡಮ್ಮ," ಎಂದರು. "ಅದರ ಮೇಲೆ ಸಂತರು ಪಾದ ಊರಿದ್ದಾರೆ. ಬಾರಿನ ತುದಿ ಬೇಕಾದ್ರೆ ತಗೋ. ಒಂದೇ ಸಲ. ಇನ್ನೊಂದು ಸಲ ಕತ್ತರಿ ಹಾಕೋಕೆ ನಾನೂ ಬಿಡಲ್ಲ, ಬಿಷಪ್ಪರೂ ಬಿಡಲ್ಲ."

"ಎರಡೂ ಒಂದೇ ಕಾಲದ್ದಾದ್ರೆ ಎಲ್ಲಿ ತಗೊಂಡ್ರೂ ಒಂದೇ ಫಾದರ್," ಎಂದು ತಂಗಿ ಬಾರಿನ ತುದಿಯ ಕಡೆ ಚಿಮುಟ ತೋರಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಹೇಳಕ್ಕ. ದಿನಾ ನೋಡೋಳು ನೀನು. ಈ ಜಾಗ ಸರಿ ಇದೆಯಾ?"

ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಿದ್ದರೆ ಏನಾಗುತ್ತಿತ್ತು ಅಂತಲೂ ಗೊತ್ತಿತ್ತು. ನನ್ನ ಒಂಬತ್ತು ವರ್ಷದ ಗುಟ್ಟು ಅವಳ ಲೇಖನದಲ್ಲಿ ಒಂದು ಸಾಲಾಗುತ್ತಿತ್ತು, ಕೊನೆಯಲ್ಲಿ ನನಗೊಂದು ವಂದನೆ. ಬದಲಿಗೆ ಅವಳು ಹೊಸ ಬಾರಿನ ವಯಸ್ಸನ್ನೇ ಚಪ್ಪಲಿಯ ವಯಸ್ಸೆಂದು ಜಗತ್ತಿಗೆ ಸಾರಲಿ, ಆಮೇಲೆ ನಾನು ನನ್ನ ತೂತುಗಳನ್ನು ಹೊರತೆಗೆದರೆ? ಇಂಗು ತಿಂದ ಮಂಗನಂತಾಗುವ ಅವಳ ಮುಖ ಕಣ್ಣೆದುರು ಬಂತು. ಹಾಯೆನಿಸಿತು.

"ಸರಿ ಇದೆ," ಎಂದೆ. ಅವಳು ತಂದ ಕಾಗದದಲ್ಲಿ ಜಾಗ ಪರಿಶೀಲಿಸಿದವರು ಎಂಬ ಕಡೆ ಸಹಿಯನ್ನೂ ಹಾಕಿದೆ. ಅವಳು ಅರ್ಧ ಉಗುರಿನಷ್ಟು ಚರ್ಮ ಕತ್ತರಿಸಿ, ಬೆಳ್ಳಿಬಣ್ಣದ ಹಾಳೆಯಲ್ಲಿ ಸುತ್ತಿ, ಸೀಲು ಮಾಡಿ ಒಯ್ದಳು.

ನಾಲ್ಕು ತಿಂಗಳಿಗೆ ಉತ್ತರ ಬಂತು. ನಾನೂರು ವರ್ಷ, ಅಷ್ಟೇ. ಸಂತರ ಕಾಲಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಫಾದರ್ ನನ್ನ ಕೋಣೆಗೆ ಬಂದು ಪೆಟ್ಟಿಗೆಯ ಮುಂದೆ ನಿಂತರು. "ನಂಬಿಕೆ ಏನು ಚಪ್ಪಲಿ ಮೇಲೆ ನಿಂತಿದೆಯಾ, ಬಿಡು," ಎಂದರು. "ಭಾನುವಾರ ಜನಕ್ಕೆ ನಾನೇ ಹೇಳ್ತೀನಿ. ಆಮೇಲೆ ಇದನ್ನ ಒಳಗೆ ಎತ್ತಿಡು. ಇನ್ನು ಹೊರಗೆ ಬೇಡ." ದನಿ ಗಟ್ಟಿಯಾಗಿಯೇ ಇತ್ತು. ಹೊರಡುವಾಗ ಮಾತ್ರ ಬಾಗಿಲು ಯಾವ ಕಡೆಗೆಂದು ಒಂದು ಕ್ಷಣ ಹುಡುಕಿದರು.

ಶನಿವಾರ ಬೆಳಿಗ್ಗೆ ತಂಗಿ ವರದಿ ಹಿಡಿದು ಬಂದಳು. ಪತ್ರಿಕೆಗೆ ಕಳಿಸುವ ಪ್ರತಿ. ಮೊದಲ ಪುಟ ತಿರುಗಿಸಿ ನನ್ನ ಮುಂದಿಟ್ಟಳು. ಬರೆದವರ ಸಾಲಿನಲ್ಲಿ ಮೊದಲ ಹೆಸರು ನನ್ನದು. ಅವಳದು ಕೆಳಗೆ, ಎರಡನೆಯದು.

"ಇದೇನೇ ಇದು?"

"ನೀನು ನೋಡಿ ಸರಿ ಅಂದೆಯಲ್ಲ, ಆಮೇಲೆ ನಾನು ಭೂತಗನ್ನಡಿ ಕೂಡ ಹಿಡೀಲಿಲ್ಲ. ನಿನ್ ಕಣ್ಣಿನ ಮೇಲೇ ನಿಂತಿರೋ ಕೆಲ್ಸ ಇದು," ಎಂದಳು. "ಅಮ್ಮನಿಗೂ ಫೋನ್ ಮಾಡಿ ಹೇಳ್ದೆ. ಕುಣಿದಾಡ್ತಿದ್ದಾಳೆ."

ಕರುಳು ಚುರ್ ಎಂದು ನಾನು ಬದಲಾದೆ ಅಂದುಕೊಳ್ಳಬೇಡಿ. ಮೊದಲು ಬಂದದ್ದು ಸಿಟ್ಟು. ಜೀವಮಾನದಲ್ಲಿ ಒಮ್ಮೆ ಬೇಕೆಂದದ್ದು ಕೈಗೆ ಬಂತು, ಅದೂ ಅವಳು ಕೊಟ್ಟದ್ದು, ಅದೂ ನಾನೇ ಹಾಳುಮಾಡಿಟ್ಟದ್ದು. ಈಗ ಜಗತ್ತಿನ ಮುಂದೆ ಮಂಗನಾಗುವವಳು ನಾನೇ. ಆಮೇಲೆ ಫಾದರ್ ಬಾಗಿಲು ಹುಡುಕಿದ್ದೂ ನೆನಪಾಯಿತು. ಕಪಾಟಿನಿಂದ ಹಳೆಯ ಫೋಟೊ ತೆಗೆದು ಅವಳ ಮುಂದಿಟ್ಟೆ. ಮೂಲೆಯಲ್ಲಿ ತಾರೀಕು ಅಚ್ಚಾಗಿತ್ತು.

ಅವಳು ಫೋಟೊ ನೋಡಿದಳು. ಚಪ್ಪಲಿಯನ್ನು ದೀಪದ ಕೆಳಗಿಟ್ಟು ತೂತುಗಳನ್ನು ಒಂದೊಂದಾಗಿ ಎಣಿಸಿದಳು, ಹನ್ನೊಂದು. ಮತ್ತೆ ತಾರೀಕು ನೋಡಿದಳು.

"ನಾನು ಕೇಳಿದ್ನಲ್ಲ ಅಕ್ಕ. ಕೇಳ್ದೆ ತಾನೆ?"

"ಕೇಳಿದೆ."

"ಮತ್ತೆ?"

"ನಿನ್ನ ಕಂಡ್ರೆ ಹೊಟ್ಟೆ ಉರಿ ನಂಗೆ. ಚಿಕ್ಕಂದಿನಿಂದ."

ಅಷ್ಟರಲ್ಲಿ ಫಾದರ್ ಬಂದರು, ಮರುದಿನ ಓದುವ ಕಾಗದ ಕೈಯಲ್ಲಿತ್ತು. ತಂಗಿ ಅವರನ್ನು ಕೂರಿಸಿ, ಅಕ್ಕ ಕಂಡುಹಿಡಿದದ್ದು ಎಂದು ತೂತುಗಳನ್ನು ತೋರಿಸಿದಳು. ಬಾರಿಗೆ ನಾನೂರು ವರ್ಷ, ಅಟ್ಟೆ ಅದಕ್ಕಿಂತ ಹಳೆಯದು, ಎಷ್ಟು ಹಳೆಯದೆಂದು ಕತ್ತರಿಸದೆ ಹೇಳಲು ಬರುವುದಿಲ್ಲ ಎಂದು ಬಿಡಿಸಿ ಹೇಳಿದಳು.

"ಕತ್ತರಿಸೋ ಹಾಗಿಲ್ಲ," ಎಂದರು ಫಾದರ್. ಮುಖ ಅರಳಿತ್ತು. "ಹಾಗಾದ್ರೆ ಸಂತರದ್ದೇ ಇರ್ಬಹುದು!"

"ಇರ್ಬಹುದು. ಇಲ್ದೇನೂ ಇರ್ಬಹುದು. ಇನ್ನು ಅದು ಯಾವತ್ತೂ ಗೊತ್ತಾಗಲ್ಲ ಫಾದರ್."

ಫಾದರ್ ಕಾಗದವನ್ನು ನಾಲ್ಕಾಗಿ ಹರಿದರು. ನನ್ನ ಎರಡೂ ಕೈ ಹಿಡಿದುಕೊಂಡರು. "ಎಂಥಾ ಕಣ್ಣು ನಿಂದು ಮಗಳೇ! ಯಾವಾಗ ನೋಡಿದೆ ಇದನ್ನ?"

ನಾನು ಬಾಯಿ ತೆರೆಯುವ ಮೊದಲೇ ತಂಗಿ ಫೋಟೊವನ್ನು ಬೋರಲು ಹಾಕಿದಳು. "ಇವತ್ತು ಬೆಳಿಗ್ಗೆ ಫಾದರ್. ಜಾಗ ಆರಿಸಿದ ತಪ್ಪು ನಂದು. ಅಕ್ಕನ ಕಣ್ಣಿಗೆ ಬಿತ್ತು, ನಾವೆಲ್ಲ ಬಚಾವಾದ್ವಿ."

ಒಂದು ಅಂಕಿಯನ್ನೂ ಆಚೀಚೆ ಮಾಡದವಳು ಅವಳು. ನನಗೋಸ್ಕರ, ಫಾದರ್ ಮುಖ ನೋಡಿಕೊಂಡು, ಸುಳ್ಳು ಹೇಳಿದಳು. ನನ್ನ ಕೆಲಸ ಉಳಿಯಿತು, ಮರ್ಯಾದೆ ಉಳಿಯಿತು, ಅಮ್ಮನ ಸಂತೋಷವೂ ಉಳಿಯಿತು. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಅವಳು ಆಗಲೇ ಕೈಗವಸು ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದಳು, ನನ್ನ ಕಡೆ ನೋಡುತ್ತಿರಲಿಲ್ಲ. ಇಷ್ಟು ದೊಡ್ಡತನವನ್ನೂ ಅವಳೇ ಹೊಡೆದುಕೊಂಡು ಹೋಗುವುದೇ ಎಂದು ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು.

"ಇವತ್ತಲ್ಲ ಫಾದರ್," ಎಂದೆ. "ಒಂಬತ್ತು ವರ್ಷ ಆಯ್ತು."